ಹೊನ್ನೆಮರಡಿನ ನಡುಗಡ್ಡೆಯಲ್ಲಿ ಒಂದು ರಾತ್ರಿ

ನೀರು ಕಡಮೆಯಾದ ಸೀಮೆಯವರಿಗೆ ನೀರಿನ ಮೇಲಣ ಮೋಹ ಹೆಚ್ಚು. ನಮ್ಮ ಬಂಗಾರಪೇಟೆ ಮತ್ತು ಕೋಲಾರದ ಚಿನ್ನದ ಗಣಿಗಳ ಪ್ರಾಂತದಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್ ಎಂಬ ನದಿಯೊಂದುಂಟು. ಸಂಸ್ಕೃತದಲ್ಲಿ ಅದಕ್ಕೆ ಕ್ಷೀರನದಿಯೆಂಬ ಘನವಾದ ಹೆಸರೂ ಉಂಟು. ಆದರೆ ಈ ಹಾಲುಹೊಳೆಯ ಪಾತ್ರದಲ್ಲಿ ವರ್ಷದ ಬಹುಭಾಗ ಕಾಣುವುದು ಬರಿಯ ಮರಳು. ಹಿಂದಿನವರು ಬೇತಮಂಗಲದಲ್ಲಿ ಅದಕ್ಕೆ ಅಡ್ಡಲಾಗಿ ಏರಿ ಹಾಕಿ ದೊಡ್ಡ ಕೆರೆಯೊಂದನ್ನು ಕಟ್ಟಿದರು. ಗಣಿಯ ಊರಿನವರು ಬಹುಕಾಲ ಕುಡಿದುದು ಆ ಕೆರೆಯ ನೀರನ್ನೇ. ತೇಲುವ ವಾಹನವೆಂದರೆ ನಮ್ಮ ಕಡೆಯ ಮಕ್ಕಳಿಗೆ ಉತ್ಸವದ ದಿನ ದೇವರು ಕುಳಿತುಕೊಳ್ಳುವ ತೆಪ್ಪವೇ ಹೊರತು, ಮನುಷ್ಯರು ಕುಳಿತು ಎಲ್ಲಿಗಾದರೂ ಹೋಗತಕ್ಕ ಸಾಧನವಲ್ಲ. ಇಂತಹ ನಾಡಿನವರಾದ ನಾವು ಎಂಟು ಮಂದಿ, ಕಳೆದ ಮಾರ್ಗಶಿರದಲ್ಲಿ, ಹರಿಗೋಲಿನ ಹೊರತು ಬೇರೆ ದಾರಿಯೇ ಇಲ್ಲದ ಒಂದು ನಡುಗಡ್ಡೆಗೆ ಹೋಗಿ, ಅಲ್ಲಿ ಒಂದು ರಾತ್ರಿ ಬೀಡುಬಿಟ್ಟು ಬಂದೆವು. ಅದರ ವೃತ್ತಾಂತವನ್ನು ಓದುಗರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಆ ನಡುಗಡ್ಡೆ ಇರುವುದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೊನ್ನೆಮರಡಿನಲ್ಲಿ, ಶರಾವತಿ ನದಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರಿನ ಮಧ್ಯೆ. ಊರಿಗೆ ಆ ಹೆಸರು ಹೊನ್ನೆಯ ಮರದಿಂದ ಬಂದುದೆಂದು ಹೇಳುವವರುಂಟು. ಹೊನ್ನೆಯ ಕಟ್ಟಿಗೆಯಲ್ಲಿ ಕಡೆದ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಗಿಗೆ ಅದು ಬಣ್ಣವೇರಿರುವುದನ್ನು ಹಳಬರು ಬಲ್ಲರು. ಆದರೆ ಚಿನ್ನದ ಗಣಿಯ ಊರಿನವರ ಕಿವಿಗೆ ‘ಹೊನ್ನೆ’ ಎಂದೊಡನೆ ಮರವು ಕಾಣುವುದಿಲ್ಲ, ಹೊನ್ನೇ ಕಾಣುತ್ತದೆ. ನಮ್ಮ ಸಂಗಡ ಬಂದ ಮಕ್ಕಳು ದಾರಿಯುದ್ದಕ್ಕೂ, ಅಲ್ಲಿಯೂ ಗಣಿ ಇದೆಯೇ ಎಂದು ಕೇಳುತ್ತಲೇ ಇದ್ದರು.

ನಮ್ಮ ತಂಡದ ವಿಚಾರವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ನಾವು, ನಮ್ಮಲ್ಲಿ ಹಿಂದೆ ಸಂಸ್ಕೃತ ಓದಿದ ಇಬ್ಬರು ಶಿಷ್ಯರು, ಅವರಲ್ಲೊಬ್ಬರ ಪತ್ನಿ, ಮೂವರು ಮಕ್ಕಳು, ಇವರಲ್ಲದೆ, ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಡಿಯಲ್ಲಿ ವರ್ಷಗಟ್ಟಲೆ ದುಡಿದ ನಮ್ಮ ನೆರೆಮನೆಯ ಮಿತ್ರರೊಬ್ಬರು. ಭೂಮಿಯ ಮೇಲಿಂದ ಮೂರು ಕಿಲೋಮೀಟರಿಗೂ ಮಿಕ್ಕ ಆಳದವರೆಗೆ ಇಳಿದ ಗಣಿಯದು. ತೊಟ್ಟಿಲಿನಂತಹ ಪಂಜರದಲ್ಲಿ ನಿಂತು, ಕ್ಷಣಮಾತ್ರದಲ್ಲಿ ಕತ್ತಲೆಯೊಳಕ್ಕೆ ಇಳಿದು, ಬಂಡೆಯ ಕಾವಿನಲ್ಲಿ ಬೆವರಿಳಿಸಿ, ಮತ್ತೆ ಬೆಳಕಿಗೆ ಬರುವುದು ಅವರಿಗೆ ದಿನಚರಿಯಾಗಿತ್ತು. ಅಂತಹವರು ದೋಣಿಯ ಮಾತೆತ್ತಿದೊಡನೆ, “ನೆಲದೊಳಗೆ ಎಷ್ಟು ಆಳಕ್ಕೆ ಬೇಕಾದರೂ ಕಳಿಸಿ, ನೀರಿನ ಮೇಲೆ ಮಾತ್ರ ಬೇಡ” ಎಂದರು. ಕೊನೆಗೆ ಮಕ್ಕಳ ಒತ್ತಾಯಕ್ಕೆ ಮಣಿದು ಹೊರಟರು.

ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದು, ಅಲ್ಲಿ ರಾತ್ರಿಯ ಗಾಡಿ ಹಿಡಿದರೆ ಬೆಳಗ್ಗೆ ತಾಳಗುಪ್ಪದಲ್ಲಿ ಇಳಿಯಬಹುದು. ಸಂಜೆ ಬಯಲುಸೀಮೆಯ ಕಲ್ಲುಗುಡ್ಡಗಳನ್ನು ಬಿಟ್ಟು ಹೊರಟವರು ಕಣ್ಣು ತೆರೆಯುವಾಗ ಎರಡು ಪಕ್ಕಗಳಲ್ಲಿಯೂ ಅಡಕೆಯ ತೋಟ, ಮಂಜು ಕವಿದ ಗದ್ದೆ, ಹೆಂಚಿನ ಮನೆ. ಒಂದೇ ರಾಜ್ಯದೊಳಗೆ ಎರಡು ಲೋಕಗಳು! ತಾಳಗುಪ್ಪದಲ್ಲಿ ಹಳಿ ಮುಗಿಯುತ್ತದೆ. ಮುಂದೆ ಘಟ್ಟ, ಅದರಾಚೆ ಕಡಲು. ಹಳಿ ಮುಗಿಯುವ ಊರಿನ ಸ್ವಭಾವವನ್ನು ನಾವು ಚೆನ್ನಾಗಿ ಬಲ್ಲೆವು. ಏಕೆಂದರೆ ಬಂಗಾರಪೇಟೆಯಿಂದ ಗಣಿಗಳಿಗೆ ೧೮೯೪ರಲ್ಲಿ ಹಾಕಿದ ಹಳಿಯೂ ಮಾರಿಕುಪ್ಪದಲ್ಲಿ ಹೀಗೆಯೇ ನಿಂತುಬಿಡುತ್ತದೆ. ಅಂತಹ ನಿಲ್ದಾಣದಲ್ಲಿ ಇಳಿದವರಿಗೆಲ್ಲ ಅದೇ ಊರಿನ ಕೆಲಸವಿರುತ್ತದೆ. ಹಾದುಹೋಗುವವರು ಒಬ್ಬರೂ ಇರುವುದಿಲ್ಲ.

ತಾಳಗುಪ್ಪದಿಂದ ಹೊನ್ನೆಮರಡಿಗೆ ಹತ್ತು ಹನ್ನೆರಡು ಕಿಲೋಮೀಟರುಗಳ ದಾರಿ. ಕೊನೆಯ ಭಾಗ ಕೆಮ್ಮಣ್ಣಿನ ಇಳಿಜಾರು. ಮರಗಳ ಸಾಲು ಹಠಾತ್ತನೆ ತೆರೆದುಕೊಂಡು ನೀರು ಕಾಣಿಸಿದಾಗ ಮಕ್ಕಳು “ಸಮುದ್ರ!” ಎಂದು ಕೂಗಿದರು. ತಪ್ಪೇನೂ ಇಲ್ಲ. ಸುಮಾರು ೩೦೦ ಚದರ ಕಿಲೋಮೀಟರುಗಳಷ್ಟು ಹರಡಿಕೊಂಡ ಜಲರಾಶಿಗೆ ದಡದಲ್ಲಿ ನಿಂತು ನೋಡಿದರೆ ಕೊನೆಯೆಲ್ಲಿ? ನೀರಿನ ಅಲ್ಲಲ್ಲಿ ಹಸುರು ಗುಡ್ಡಗಳು ತಲೆಯೆತ್ತಿ ನಿಂತಿವೆ. ಅವುಗಳ ಸುತ್ತ ಎಲೆಯಿಲ್ಲದ, ತೊಗಟೆಯಿಲ್ಲದ ಮರದ ಬೊಡ್ಡೆಗಳು ನೀರಿನೊಳಗಿಂದ ಬೆರಳುಗಳಂತೆ ಎದ್ದಿವೆ. ಪ್ರತಿಯೊಂದು ಬೊಡ್ಡೆಯ ತುದಿಯಲ್ಲಿಯೂ ಒಂದೊಂದು ನೀರುಕಾಗೆ ರೆಕ್ಕೆ ಹರವಿ ಬಿಸಿಲು ಕಾಯುತ್ತ ಕುಳಿತಿತ್ತು.

ದ್ವೀಪವೆಂಬ ಶಬ್ದವನ್ನು ವೈಯಾಕರಣರು, ಎರಡು ಕಡೆಗಳಲ್ಲಿಯೂ ನೀರುಳ್ಳುದು ಎಂದು ಬಿಡಿಸಿ ಹೇಳುತ್ತಾರೆ. ದ್ವಿ, ಅಪ್ ಎಂಬೆರಡು ಮಾತುಗಳ ಕೂಡಿಕೆಯದು. ಅಮರಕೋಶದಲ್ಲಿ ಇದಕ್ಕೆ ಅಂತರೀಪವೆಂಬ ಪರ್ಯಾಯ ಪದವೂ ಉಂಟು. ಕನ್ನಡದಲ್ಲಿ ನಡುಗಡ್ಡೆ, ತಿಟ್ಟು, ಕರಾವಳಿಯವರ ಬಾಯಲ್ಲಿ ಕುದುರು. ಸಂಸ್ಕೃತದ ಹೆಸರು ನೀರನ್ನು ಎಣಿಸುತ್ತದೆ. ಕನ್ನಡದ ಹೆಸರು ನೆಲವನ್ನು ಹಿಡಿದುಕೊಳ್ಳುತ್ತದೆ. ದಡದಲ್ಲಿ ಕುಳಿತು ಇಷ್ಟನ್ನು ಮಕ್ಕಳಿಗೆ ವಿವರಿಸುತ್ತಿರುವಾಗ, ನಮ್ಮನ್ನು ದಾಟಿಸಲು ಬಂದಿದ್ದ ವೃದ್ಧರು ಪಕ್ಕದಲ್ಲಿ ನಿಂತು ಕೇಳುತ್ತಿದ್ದರು. ಏನನ್ನೋ ಹೇಳಲು ಹೊರಟು, ಹೇಳದೆ ಸುಮ್ಮನಾದರು. ಅವರು ಹೇಳಬೇಕೆಂದಿದ್ದುದು ಏನೆಂಬುದು ರಾತ್ರಿ ತಿಳಿಯಿತು.

ಇಲ್ಲಿ ಈ ಜಲಾಶಯದ ಪೂರ್ವಕಥೆಯನ್ನು ಸ್ವಲ್ಪ ಹೇಳುವುದು ಅವಶ್ಯ. ಶರಾವತಿಯು ತೀರ್ಥಹಳ್ಳಿಯ ಕಡೆಯ ಅಂಬುತೀರ್ಥದಲ್ಲಿ ಹುಟ್ಟುವಳು. ಸೀತಾದೇವಿಯ ಬಾಯಾರಿಕೆಯನ್ನು ನೀಗಲು ಶ್ರೀರಾಮನು ಬಾಣವನ್ನೆಸೆದ ಸ್ಥಳದಲ್ಲಿ ನೀರು ಚಿಮ್ಮಿತೆಂದೂ, ಶರದಿಂದ ಬಂದುದರಿಂದ ಶರಾವತಿಯೆಂದು ಹೆಸರಾಯಿತೆಂದೂ ಐತಿಹ್ಯ. ಬಾಯಾರಿಕೆಗಾಗಿ ಹುಟ್ಟಿದ ನದಿಯು ಜೋಗದಲ್ಲಿ ಧುಮುಕುವ ಎತ್ತರವನ್ನು ಕಂಡವರು ಅದರಿಂದ ಬೆಳಕನ್ನು ಪಡೆಯಬೇಕೆಂದು ಯೋಚಿಸಿದರು. ಮೊದಲು ಹಿರೇಭಾಸ್ಕರದಲ್ಲಿ ಒಂದು ಅಣೆಕಟ್ಟು ಎದ್ದಿತು. ೧೯೪೮ರಲ್ಲಿ ಜೋಗದ ವಿದ್ಯುದಾಗಾರವು ಕೆಲಸ ಆರಂಭಿಸಿತು. ಅದು ಸಾಲದಾಗಿ, ನದಿಯ ಕೆಳಗಡೆ ಲಿಂಗನಮಕ್ಕಿಯಲ್ಲಿ ಇನ್ನೂ ದೊಡ್ಡದಾದ ಕಟ್ಟೆಯು ೧೯೬೪ರಲ್ಲಿ ಸಿದ್ಧವಾಯಿತು. ಅದರ ಪೂರ್ಣ ಮಟ್ಟ ಸಮುದ್ರಮಟ್ಟದಿಂದ ೧೮೧೯ ಅಡಿ. ಅಲ್ಲಿಯ ನೀರು ತಳಕಳಲೆಯ ಕಟ್ಟೆಗೆ ಹೋಗಿ, ಕೊಳವೆಗಳಲ್ಲಿ ಘಟ್ಟದ ಬುಡಕ್ಕೆ ಇಳಿದು, ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಅವುಗಳ ಒಟ್ಟು ಸಾಮರ್ಥ್ಯ ೧೦೩೫ ಮೆಗಾವಾಟ್. ಒಂದು ಕಾಲದಲ್ಲಿ ಕರ್ನಾಟಕದ ದೀಪಗಳಲ್ಲಿ ಬಹುಪಾಲು ಉರಿಯುತ್ತಿದ್ದುದು ಈ ನೀರಿನ ಬಲದಿಂದಲೇ. ಹೊಸ ನೀರು ಏರಿದಾಗ ಮುಳುಗಿದ ಹಳ್ಳಿಗಳು ನೂರಕ್ಕೂ ಹೆಚ್ಚು. ವಿಚಿತ್ರವೇನೆಂದರೆ, ಹಿರೇಭಾಸ್ಕರದ ಹಳೆಯ ಅಣೆಕಟ್ಟೂ ಅವುಗಳೊಡನೆ ಮುಳುಗಿತು! ಬೇಸಗೆಯಲ್ಲಿ ನೀರು ಬಹಳ ಇಳಿದ ವರ್ಷಗಳಲ್ಲಿ ಆ ಕಟ್ಟೆಯು ಮೈದೋರುತ್ತದೆ. ಜನರು ಹೋಗಿ ನೋಡಿ ಬರುತ್ತಾರೆ.

ಮಧ್ಯಾಹ್ನದ ಬಿಸಿಲು ಬಾಗಿದ ಮೇಲೆ ಹರಿಗೋಲುಗಳನ್ನು ನೀರಿಗೆ ದೂಡಿದರು. ಪ್ರತಿಯೊಬ್ಬರಿಗೂ, ನೀರಿಗೆ ಬಿದ್ದರೂ ತೇಲಿಸುವ ಮೇಲಂಗಿಯನ್ನು ತೊಡಿಸಿ, ಅದರ ಪಟ್ಟಿಗಳನ್ನು ಎಳೆದು ನೋಡಿದ ಮೇಲೆಯೇ ಹತ್ತಗೊಟ್ಟರು. ಹರಿಗೋಲೆಂದರೆ ಬುಟ್ಟಿಯಂತಹ ದೋಣಿ. ಅದಕ್ಕೆ ಮುಂದು ಹಿಂದೆಂಬುದಿಲ್ಲ. ಒಂದು ಪಕ್ಕದಲ್ಲಿ ಹುಟ್ಟು ಹಾಕಿದರೆ ಬುಗುರಿಯಂತೆ ನಿಂತಲ್ಲಿಯೇ ಸುತ್ತುತ್ತದೆ. ಹೋಗಬೇಕಾದ ದಿಕ್ಕಿಗೆ ಮುಖಮಾಡಿ ಕುಳಿತು, ಮುಂದಿನ ನೀರನ್ನು ಹುಟ್ಟಿನಿಂದ ತಮ್ಮ ಕಡೆಗೆ ಎಳೆದುಕೊಳ್ಳಬೇಕು. ನಮ್ಮ ಶಿಷ್ಯರು ಹುಟ್ಟು ಹಿಡಿದಾಗ ಹರಿಗೋಲು ಮೂರು ಪ್ರದಕ್ಷಿಣೆ ಮಾಡಿತು. ವೃದ್ಧರು ಹಿಡಿದಾಗ ನೇರವಾಗಿ ಹೊರಟಿತು. ನಮ್ಮ ಗಣಿಯ ಮಿತ್ರರು ಅಂಚನ್ನು ಎರಡು ಕೈಗಳಿಂದಲೂ ಬಿಗಿಹಿಡಿದು, ಕಣ್ಣು ಮುಚ್ಚಿ ಕುಳಿತಿದ್ದರು. ಅರ್ಧ ದಾರಿಯಾದ ಮೇಲೆ ಕಣ್ಣು ತೆರೆದು, “ಇಲ್ಲಿ ಆಳವೆಷ್ಟು?” ಎಂದು ಕೇಳಿದರು. ವೃದ್ಧರು ಅಡಿಗಳ ಲೆಕ್ಕ ಹೇಳಲಿಲ್ಲ. “ಇಲ್ಲಿ ಗದ್ದೆ ಬಯಲು. ಅಲ್ಲಿ, ಆ ಬೊಡ್ಡೆಗಳ ಹತ್ತಿರ, ಮನೆಗಳಿದ್ದವು” ಎಂದರು. ಆ ಮೇಲೆ ಯಾರೂ ಮಾತಾಡಲಿಲ್ಲ.

ನಡುಗಡ್ಡೆ ಚಿಕ್ಕದು. ನೀರಂಚಿನಲ್ಲಿ ಜಂಬಿಟ್ಟಿಗೆಯ ಕಲ್ಲು, ಕೆಂಪು ಮಣ್ಣು. ಮೇಲೆ ಹುಲ್ಲು ಮತ್ತು ಮರಗಳು. ಅಂಗಡಿಯಿಲ್ಲ, ಮನೆಯಿಲ್ಲ, ದೀಪದ ಕಂಬವಿಲ್ಲ. ಮಳೆಗಾಲ ಮುಗಿದಾಗ ನೀರು ತುಂಬಿ ದ್ವೀಪವು ಚಿಕ್ಕದಾಗುವುದು. ವಿದ್ಯುತ್ತಿಗಾಗಿ ನೀರು ಖರ್ಚಾದಂತೆಲ್ಲ ಅಂಚು ಇಳಿದು ದ್ವೀಪವು ದೊಡ್ಡದಾಗುವುದು. ದೂರದ ಊರುಗಳಲ್ಲಿ ಎಷ್ಟು ದೀಪ ಉರಿಯಿತೆಂಬುದನ್ನು ಈ ದಡದ ಕೆಸರಿನ ಗೆರೆಗಳಲ್ಲಿ ಓದಬಹುದು. ಗುಡಾರಗಳನ್ನು ಮರಗಳ ಬುಡದಿಂದ ದೂರವಾಗಿ, ಸಮನಾದ ಸ್ಥಳದಲ್ಲಿ ಹೂಡಿದೆವು. ದಡದಲ್ಲಿಯೇ ಸಿದ್ಧಮಾಡಿಕೊಂಡ ಅನ್ನ, ಸಾರು, ಪಲ್ಯಗಳನ್ನು ಪಾತ್ರೆಗಳಲ್ಲಿ ತಂದಿದ್ದೆವು. ಮನೆಯಿಂದ ಹುಳಿಯನ್ನದ ಗೊಜ್ಜು, ಚಟ್ನಿಪುಡಿ, ರಾಗಿಯ ಹುರಿಹಿಟ್ಟು, ಬೆಲ್ಲ ಬಂದಿದ್ದವು. ಮಲೆನಾಡಿನ ವೃದ್ಧರಿಗೆ ನಮ್ಮ ಹುರಿಹಿಟ್ಟು ಬಹಳ ಹಿಡಿಸಿತು. ಎರಡು ಸಲ ಕೇಳಿ ಹಾಕಿಸಿಕೊಂಡರು.

ಸೂರ್ಯಾಸ್ತವಾದ ಮೇಲೆ ಇಂತಹ ಕತ್ತಲೆಯನ್ನು ನಮ್ಮ ಮಕ್ಕಳು ಮೊದಲ ಸಲ ಕಂಡರು. ಪಟ್ಟಣದ ಕತ್ತಲೆಯು ದೀಪಗಳ ಸಂದಿನಲ್ಲಿ ಉಳಿದ ಕತ್ತಲೆ. ಇದು ಆಕಾಶದಿಂದ ನೀರಿನವರೆಗೆ ಒಂದೇ ಹಾಸಿನ ಕತ್ತಲೆ. ಸ್ವಲ್ಪ ಹೊತ್ತಿನಲ್ಲಿ ನಕ್ಷತ್ರಗಳು ಮೂಡಿದವು. ಕೃತ್ತಿಕೆ, ರೋಹಿಣಿ, ಮೃಗಶಿರೆ ಎಂದು ನಾವು ಬೆರಳು ತೋರುತ್ತ ಹೋದೆವು; ಕೆಳಗೆ ನಿಶ್ಚಲವಾದ ನೀರಿನಲ್ಲಿಯೂ ಅವೇ ನಕ್ಷತ್ರಗಳು. ಪಂಚಾಂಗದಲ್ಲಿ ಮಾತ್ರ ಅವುಗಳ ಹೆಸರು ಕೇಳಿದ್ದ ಮಕ್ಕಳು ಎರಡು ಆಕಾಶಗಳ ನಡುವೆ ಮೌನವಾಗಿ ಕುಳಿತರು. ಆಗ ಗಣಿಯ ಮಿತ್ರರು, “ಇದೇ ನನಗೆ ಪರಿಚಯವಾದ ಕತ್ತಲೆ” ಎಂದರು. ಅವರ ಭಯವು ಎಲ್ಲೋ ಹೋಗಿತ್ತು.

ಮಕ್ಕಳು ಮಲಗಿದ ಮೇಲೆ ವೃದ್ಧರು ತಮ್ಮ ಕಥೆ ಹೇಳಿದರು. ನೀರು ಬಂದಾಗ ಅವರಿಗೆ ಏಳು ವರ್ಷ. ನೀರು ಒಮ್ಮೆಗೇ ನುಗ್ಗಿ ಬರಲಿಲ್ಲ. ನೆಂಟರಂತೆ ದಿನದಿನಕ್ಕೆ ಒಂದೊಂದು ಹೆಜ್ಜೆ ಬಂದಿತು. ಅವರ ತಂದೆ ಮನೆಯ ಬಾಗಿಲುವಾಡ, ಕಂಬ, ತೊಲೆಗಳನ್ನು ಕಿತ್ತು ಗಾಡಿಗೇರಿಸಿದರು. ಗೋಡೆಗಳು ಮಾತ್ರ ಉಳಿದವು. ತುಳಸಿಯ ಕಟ್ಟೆಯನ್ನು ಹೊರಲಾಗದೆ, ಗಿಡವನ್ನು ಮಾತ್ರ ಮಣ್ಣುಸಹಿತ ತಾಯಿ ಮಡಿಲಲ್ಲಿಟ್ಟುಕೊಂಡರು. ಹಣ್ಣು ಬಿಡುತ್ತಿದ್ದ ಅಡಕೆಯ ತೋಟವು ನಿಂತಲ್ಲಿಯೇ ನಿಂತಿತು. ದೂರದ ಕಾಡಿನಲ್ಲಿ ಕೊಟ್ಟ ಹೊಸ ಜಾಗದಲ್ಲಿ ನೆಲೆಯೂರಿದರು. ಆ ಮನೆಗೆ ವಿದ್ಯುದ್ದೀಪ ಬರುವವರೆಗೂ ಅವರ ತಾಯಿ ಬದುಕಿರಲಿಲ್ಲ. “ಬೆಳಕಿಗೆ ಜಾಗ ಕೊಟ್ಟವಳು ಚಿಮಣಿಯ ದೀಪದಲ್ಲೇ ಹೋದಳು” ಎಂದರು. ದೂರಿನ ಧ್ವನಿಯಲ್ಲಿ ಅಲ್ಲ, ಲೆಕ್ಕ ಒಪ್ಪಿಸುವ ಧ್ವನಿಯಲ್ಲಿ. ಬಳಿಕ ನಮ್ಮ ಕಡೆ ತಿರುಗಿ, ಮಧ್ಯಾಹ್ನ ತಡೆದಿದ್ದ ಮಾತನ್ನು ಹೇಳಿದರು: “ಮೇಷ್ಟ್ರೇ, ತಾವು ಇದಕ್ಕೆ ಎಷ್ಟೋ ಹೆಸರು ಹೇಳಿದಿರಿ. ನಮ್ಮಲ್ಲಿ ಇದಕ್ಕೆ ಗುಡ್ಡ ಅಂತ ಹೆಸರು. ನಮ್ಮಣ್ಣ ಇಲ್ಲಿ ದನ ಮೇಯಿಸುತ್ತಿದ್ದ.”

ಈ ಅರ್ಥವು ನಾವು ಓದಿದ ಯಾವ ಕೋಶದಲ್ಲಿಯೂ ಇರಲಿಲ್ಲ. ನಮಗೆ ದ್ವೀಪವಾದುದು ಅವರಿಗೆ ಊರಿನ ಹಿಂದಿನ ಗುಡ್ಡ. ನಾವು ನೀರಿನ ಮೇಲೆ ದಾಟಿ ಬಂದುದು ಅವರ ಅಂಗಳದ ಮೇಲೆ.

ಬಹಳ ಹೊತ್ತಿನ ಮೇಲೆ ಗಣಿಯ ಮಿತ್ರರು ಬಾಯಿ ತೆರೆದರು. “ನಮ್ಮದೂ ಮುಳುಗಿದೆ” ಎಂದರು. ವೃದ್ಧರಿಗೆ ಅರ್ಥವಾಗಲಿಲ್ಲ. ಆಗ ಅವರು ವಿವರಿಸಿದರು. ಗಣಿಯೊಳಗೆ ಎಲ್ಲ ಕಡೆಯಿಂದಲೂ ನೀರು ಒಸರುತ್ತದೆ. ಹಗಲಿರುಳು ಪಂಪುಗಳು ಅದನ್ನೆತ್ತಿ ಹೊರಚೆಲ್ಲಿದರೆ ಮಾತ್ರ ಒಳಗೆ ಕೆಲಸ ನಡೆಯುವುದು. ೨೦೦೧ನೆಯ ಫೆಬ್ರವರಿ ೨೮ರಂದು ಗಣಿಗಳನ್ನು ಮುಚ್ಚಿದರು. ಮುಂದೆ ಪಂಪುಗಳೂ ನಿಂತವು. ತಾವು ನಡೆದ ಹಾದಿಗಳು, ಹೆಸರಿಟ್ಟು ಕರೆದ ತಿರುವುಗಳು, ಆಯುಧಪೂಜೆಯ ದಿನ ಕುಂಕುಮವಿಟ್ಟ ಯಂತ್ರಗಳು, ಕುಸಿತದಲ್ಲಿ ಗೆಳೆಯರನ್ನು ಕಳೆದುಕೊಂಡ ಮೂಲೆಗಳು, ಎಲ್ಲವೂ ನೀರಿನ ಪಾಲಾದವು. “ನಿಮ್ಮದು ಬೇಸಗೆಯಲ್ಲಾದರೂ ಒಮ್ಮೊಮ್ಮೆ ಕಾಣುತ್ತದೆ, ನಮ್ಮದು ಕಾಣುವುದಿಲ್ಲ” ಎಂದರು. ವೃದ್ಧರು ಏನೂ ಹೇಳದೆ, ತಮ್ಮ ಎಲೆಅಡಕೆಯ ಸಂಚಿಯನ್ನು ಅವರ ಕಡೆಗೆ ಸರಿಸಿದರು. ಇಬ್ಬರೂ ಬಹಳ ಹೊತ್ತು ಪಕ್ಕಪಕ್ಕದಲ್ಲಿ ಕುಳಿತಿದ್ದರು.

ಆ ರಾತ್ರಿ ನಮಗೆ ನಿದ್ರೆ ಬೇಗ ಬರಲಿಲ್ಲ. ಚಿನ್ನದ ಗಣಿಗೆ ವಿದ್ಯುತ್ತು ಬಂದುದು ೧೯೦೨ನೆಯ ಜೂನ್‌ನಲ್ಲಿ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಆರಂಭವಾದ ಯೋಜನೆಯಂತೆ, ಕಾವೇರಿಯ ಶಿವನಸಮುದ್ರದಿಂದ ೯೨ ಮೈಲಿ ದೂರ ತಂತಿ ಎಳೆದು ಅದನ್ನು ತಂದರು. ಅಷ್ಟು ಉದ್ದದ ವಿದ್ಯುತ್ ಮಾರ್ಗವು ಆ ಕಾಲದಲ್ಲಿ ಜಗತ್ತಿನಲ್ಲಿಯೇ ವಿರಳವಾಗಿತ್ತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದುದು ಅದಾಗಿ ಮೂರು ವರ್ಷಗಳ ಮೇಲೆ, ೧೯೦೫ರಲ್ಲಿ. ಈ ಹೆಮ್ಮೆಯ ಕಥೆಯನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದುಂಟು. ಶಿವನಸಮುದ್ರವೂ ಒಂದು ನಡುಗಡ್ಡೆಯೇ ಎಂಬುದನ್ನು ಆ ರಾತ್ರಿ ನೆನೆದೆವು. ಆದರೆ ಅದು ಕಾವೇರಿಯು ತಾನೇ ಕವಲೊಡೆದು ಮಾಡಿದ ನಡುಗಡ್ಡೆ. ಇದು ಮನುಷ್ಯರು ಬೆಳಕಿಗಾಗಿ ಮಾಡಿದ ನಡುಗಡ್ಡೆ. ಅಲ್ಲಿ ದ್ವೀಪದಿಂದ ದೀಪ ಬಂದಿತು. ಇಲ್ಲಿ ದೀಪದಿಂದ ದ್ವೀಪ ಬಂದಿತು. ದೀಪ ಹಚ್ಚಿದಾಗ ನಮಸ್ಕರಿಸುವುದು ನಮ್ಮ ಮನೆಗಳ ಸಂಪ್ರದಾಯ. ಗುಂಡಿ ಒತ್ತಿ ಹಚ್ಚುವ ದೀಪಕ್ಕೆ ಆ ನಮಸ್ಕಾರವು ತಪ್ಪಿಹೋಗಿದೆ. ಅದು ತಪ್ಪಬಾರದಾಗಿತ್ತೆಂದು ತೋರಿತು.

ಬೆಳಗಿನ ಜಾವ ನೀರಿನ ಮೇಲೆ ಮಂಜು ಎದ್ದು ದಡವೇ ಕಾಣಿಸದಾಯಿತು. ಮಂಜಿನೊಳಗಿಂದ ಮಿಂಚುಳ್ಳಿಯೊಂದು ನೀಲಿಯ ಗೆರೆ ಎಳೆದಂತೆ ಹಾರಿಹೋಯಿತು. ಅದು ಕರಗುವವರೆಗೆ ಕಾದು, ಗುಡಾರ ಮಡಿಸಿದೆವು. ವೃದ್ಧರು ಕಸದ ಒಂದು ಚೂರನ್ನೂ ಬಿಡಗೊಡಲಿಲ್ಲ; ಕಿತ್ತಳೆಯ ಸಿಪ್ಪೆಯನ್ನು ಕೂಡ ಚೀಲಕ್ಕೆ ಹಾಕಿಸಿದರು. ಮಕ್ಕಳಿಗೆ ಇದು ಅತಿಯೆಂದು ಕಂಡಿತು. “ಬೇರೆಯವರ ಮನೆಯಲ್ಲಿ ಉಂಡು ಎಲೆ ಬಿಟ್ಟು ಏಳುವುದುಂಟೇ?” ಎಂದು ನಮ್ಮ ಮಿತ್ರರು ಅವರಿಗೆ ಹೇಳಿದರು. ಹಿಂದಿರುಗುವಾಗ ಅವರು ಹರಿಗೋಲಿನ ಅಂಚನ್ನು ಹಿಡಿಯಲಿಲ್ಲ. ನೀರಿನೊಳಕ್ಕೆ ನೋಡುತ್ತ ಕುಳಿತಿದ್ದರು.

ಈ ಕಡೆ ಪ್ರಯಾಣ ಮಾಡಬೇಕೆನ್ನುವ ಗೃಹಸ್ಥರಿಗೆ ಕೆಲವು ಮಾತುಗಳು. ಮಳೆಗಾಲದಲ್ಲಿ ಗಾಳಿಯೂ ಅಲೆಯೂ ಹೆಚ್ಚು; ಕಾರ್ತಿಕದಿಂದ ಮಾಘದವರೆಗೆ ಹವೆ ಹಿತ. ಮೊದಲೇ ಪತ್ರ ಬರೆದೋ ದೂರವಾಣಿಯಲ್ಲೋ ಏರ್ಪಾಡು ಮಾಡಿಕೊಂಡು, ಅನುಮತಿ ಪಡೆದೇ ಹೋಗತಕ್ಕದ್ದು. ನುರಿತವರ ಸಹಾಯವಿಲ್ಲದೆ ನೀರಿಗಿಳಿಯಬಾರದು. ನೀರಿನಡಿಯ ಬೊಡ್ಡೆಗಳು ಈಜುವವರಿಗೂ ಅಪಾಯಕಾರಿ. ಹೊದೆಯಲು ದಪ್ಪ ಕಂಬಳಿ, ಕೈದೀಪ, ಕುಡಿಯುವ ನೀರು, ನಿತ್ಯದ ಔಷಧಗಳು ಬೇಕು. ಶೌಚಕ್ಕೆ ಮನೆಯ ಅನುಕೂಲಗಳಿರುವುದಿಲ್ಲವಾದುದರಿಂದ ಹೆಂಗಸರೂ ವೃದ್ಧರೂ ಅದನ್ನು ಮೊದಲೇ ತಿಳಿದುಕೊಂಡು ಹೊರಡುವುದು ಲೇಸು. ಜೋಗವು ಹತ್ತಿರದಲ್ಲಿಯೇ ಇರುವುದರಿಂದ ಇನ್ನೊಂದು ದಿನ ಕೈಯಲ್ಲಿದ್ದರೆ ಅದನ್ನೂ ನೋಡಬಹುದು. ಹೊರಡುವ ಮೊದಲು ನಾ. ಡಿಸೋಜರ ‘ದ್ವೀಪ’ ಕಾದಂಬರಿಯನ್ನು ಮನೆಯಲ್ಲಿ ಎಲ್ಲರೂ ಓದಿದರೆ ಒಳ್ಳೆಯದು. ಸಾಗರದ ಆ ಲೇಖಕರು ಮುಳುಗಡೆಯ ಸೀಮೆಯನ್ನು ಹತ್ತಿರದಿಂದ ಕಂಡವರು. ಅವರ ಕೃತಿಯನ್ನು ಗಿರೀಶ ಕಾಸರವಳ್ಳಿಯವರು ೨೦೦೨ರಲ್ಲಿ ಚಲನಚಿತ್ರವಾಗಿ ಮಾಡಿದರು.

ಹಿನ್ನೀರಿನ ಆಚೆಯ ದಡದಲ್ಲಿ ತುಮರಿ, ಕರೂರು, ಬಾರಂಗಿಯ ಕಡೆಯ ಊರುಗಳಿವೆ; ಸಿಗಂದೂರಿನ ಚೌಡೇಶ್ವರಿ ದೇವಿಯ ಸನ್ನಿಧಿಯೂ ಅಲ್ಲಿಯೇ. ಅಣೆಕಟ್ಟಾದ ಮೇಲೆ ಆರು ದಶಕಗಳ ಕಾಲ ಆ ಜನರು ಸಾಗರಕ್ಕೆ ಬರಲು ಲಾಂಚನ್ನೇ ನಂಬಿದ್ದರು. ಪ್ರಸವವೇದನೆಯ ಹೆಂಗಸೂ ಜ್ವರದ ಮಗುವೂ ಅದಕ್ಕಾಗಿ ದಡದಲ್ಲಿ ಕಾಯಬೇಕಾಗಿತ್ತು. ನಾವು ಒಂದು ರಾತ್ರಿ ವಿನೋದಕ್ಕಾಗಿ ಆರಿಸಿಕೊಂಡ ದ್ವೀಪವಾಸವನ್ನು ಅವರು ಬಯಸದೆಯೇ ಎರಡು ತಲೆಮಾರು ಅನುಭವಿಸಿದರು. ೨೦೨೫ನೆಯ ಜುಲೈ ೧೪ರಂದು ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಎರಡು ಕಿಲೋಮೀಟರಿಗೂ ಮಿಕ್ಕ ಉದ್ದದ ಸೇತುವೆಯು ತೆರೆಯಿತು. ಬೆಳಕಿಗೆ ನೆಲ ಕೊಟ್ಟವರಿಗೆ ದಾರಿಯೊಂದು ಇಷ್ಟು ತಡವಾಗಿಯಾದರೂ ದೊರೆಯಿತು. ನೆಲದ ಹಕ್ಕಿನ ಪತ್ರಕ್ಕಾಗಿ ಮಾತ್ರ ಎಷ್ಟೋ ಮನೆಗಳವರು ಇನ್ನೂ ಕಾಯುತ್ತಿದ್ದಾರೆ. ನೀರಿನ ಚೆಲುವನ್ನು ನೋಡಲು ಹೋಗುವವರು ಅವಶ್ಯವಾಗಿ ಹೋಗಲಿ, ಸಂತೋಷಪಡಲಿ. ಆದರೆ ದಾಟಿಸುವವರನ್ನು, ಈ ನೀರಿನಡಿಯಲ್ಲಿ ನಿಮ್ಮ ಊರಿನ ಹೆಸರೇನಿತ್ತು ಎಂದು ಒಮ್ಮೆ ಕೇಳಲಿ. ಕೇಳಿದ ಹೆಸರನ್ನು ಮನೆಗೆ ಹೋಗಿ ಮಕ್ಕಳಿಂದ ಬರೆಯಿಸಿಡಲಿ.